ಪಾಪೆ ಅಳೆಯದೆ ಮಲ್ಟಿಫೋಕಲ್ ಲೆನ್ಸ್ ಕೊಳ್ಳಬೇಡಿ: ಏರ್ ಆಪ್ಟಿಕ್ಸ್ ಮತ್ತು ಬಯೋಫಿನಿಟಿ, ತುಮಕೂರಿನ ಬೆಳಕಿನಲ್ಲಿ

ಮಧ್ಯಾಹ್ನ ಒಂದು ಗಂಟೆಯ ಬಿಸಿಲಲ್ಲಿ ಬಿ.ಎಚ್. ರಸ್ತೆಯ ಮೇಲೆ ಸ್ಕೂಟರ್ ಓಡಿಸುವ ನಲವತ್ತೈದರ ಒಬ್ಬರ ಕಣ್ಣಿನ ಪಾಪೆ ಎರಡೂವರೆ ಮಿಲಿಮೀಟರ್ ಆಸುಪಾಸಿಗೆ ಕುಗ್ಗಿರುತ್ತದೆ. ಅವರೇ ರಾತ್ರಿ ಎಂಟಕ್ಕೆ ಕ್ಯಾತ್ಸಂದ್ರದ ಟೋಲ್ ದಾಟಿ ಬರುವಾಗ ಅದು ಐದರ ಹತ್ತಿರಕ್ಕೆ ಅರಳಿರುತ್ತದೆ. ಒಂದೇ ನಂಬರಿನ ಸಾದಾ ಕಾಂಟ್ಯಾಕ್ಟ್ ಲೆನ್ಸಿಗೆ ಈ ಏರಿಳಿತದಿಂದ ಅಂಥ ತೊಂದರೆ ಇಲ್ಲ. ದೂರದ ಪವರ್, ಓದುವ ಪವರ್ ಎರಡೂ ಒಂದರಲ್ಲೇ ಇರುವ ಮಲ್ಟಿಫೋಕಲ್ ಲೆನ್ಸಿನಲ್ಲಿ ನೋಟದ ಗುಣಮಟ್ಟವೆಲ್ಲ ನಿಂತಿರುವುದೇ ಇದರ ಮೇಲೆ. ಒಬ್ಬರಿಗೆ ವರದಂತಿರುವ ಲೆನ್ಸ್ ಅದೇ ನಂಬರಿನ ಇನ್ನೊಬ್ಬರಿಗೆ ತಲೆನೋವಾಗುವುದಕ್ಕೆ ಮುಖ್ಯ ಕಾರಣವೂ ಇದೇ. ಆದ್ದರಿಂದ ಯಾವ ಕಂಪನಿಯದು ಒಳ್ಳೆಯದು ಅನ್ನುವ ಪ್ರಶ್ನೆಗೆ ಮೊದಲು ಯಾರ ಪಾಪೆಗೆ ಯಾವುದು ಅನ್ನುವುದನ್ನು ನೋಡೋಣ.

ಚಾಳೀಸು ಬಂದವರು ಪ್ರೋಗ್ರೆಸ್ಸಿವ್ ಕನ್ನಡಕದಲ್ಲಿ ಕಣ್ಣು ಕೆಳಗಿಳಿಸಿ ಓದುತ್ತಾರೆ. ಮೇಲೆ ದೂರದ ನಂಬರು, ಕೆಳಗೆ ಓದುವ ನಂಬರು, ಎರಡೂ ಬೇರೆಬೇರೆ ಜಾಗದಲ್ಲಿವೆ. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ಸರಿಯುತ್ತದೆ, ಆದ್ದರಿಂದ ಮೇಲೆ ಕೆಳಗೆ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ದೂರದ ಪವರ್ ಮತ್ತು ಹತ್ತಿರದ ಪವರ್ ಎರಡನ್ನೂ ಪಾಪೆಯ ಎದುರಿಗೆ ಉಂಗುರದೊಳಗೆ ಉಂಗುರದಂತೆ ಜೋಡಿಸಿರುತ್ತಾರೆ. ಎರಡು ಚಿತ್ರಗಳೂ ಒಟ್ಟಿಗೇ ಅಕ್ಷಿಪಟಲದ ಮೇಲೆ ಬೀಳುತ್ತವೆ, ಬೇಕಾದ ಚಿತ್ರವನ್ನು ಮಿದುಳು ಆರಿಸಿಕೊಳ್ಳುತ್ತದೆ. ಯಾವ ಚಿತ್ರಕ್ಕೆ ಎಷ್ಟು ಬೆಳಕು ಸಿಗುತ್ತದೆ ಅನ್ನುವುದನ್ನು ಪಾಪೆಯ ಅಗಲ ತೀರ್ಮಾನಿಸುತ್ತದೆ.

ಲೆಕ್ಕ ಸುಲಭ. ಲೆನ್ಸಿನ ನಡುವೆ 2 ಮಿ.ಮೀ. ಅಗಲದ ಓದುವ ವಲಯ ಇದೆ ಅಂತ ಇಟ್ಟುಕೊಳ್ಳಿ. ಪಾಪೆ 2.5 ಮಿ.ಮೀ. ಇದ್ದರೆ ಒಳಗೆ ಹೋಗುವ ಬೆಳಕಿನಲ್ಲಿ ಶೇ. 64 ಆ ನಡುವಿನ ವಲಯದ ಮೂಲಕವೇ ಹೋಗುತ್ತದೆ. ಪಾಪೆ 3 ಆದರೆ ಶೇ. 44, 4 ಆದರೆ ಶೇ. 25, 5 ಆದರೆ ಶೇ. 16 ಮಾತ್ರ. ಅಗಲ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುವುದರಿಂದ ಇಷ್ಟು ಜೋರಾಗಿ ಇಳಿಯುತ್ತದೆ. ಪಾಪೆಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಕೇಳುವುದಕ್ಕೆ ಚಿಕ್ಕದು, ನೋಟದಲ್ಲಿ ದೊಡ್ಡದು. ನಿಜವಾದ ಲೆನ್ಸುಗಳಲ್ಲಿ ಪವರ್ ಗೆರೆ ಎಳೆದಂತೆ ಬದಲಾಗದೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ, ಆದರೂ ಲೆಕ್ಕದ ದಿಕ್ಕು ಇದೇ.

ಈಗ ಎರಡು ಲೆನ್ಸುಗಳಿಗೆ ಬರೋಣ. ಆಲ್ಕಾನ್ ಕಂಪನಿಯ ಏರ್ ಆಪ್ಟಿಕ್ಸ್ ಮಲ್ಟಿಫೋಕಲ್‌ನಲ್ಲಿ ಓದುವ ಪವರ್ ನಡುವೆ, ದೂರದ ಪವರ್ ಅಂಚಿನ ಕಡೆಗೆ. ದೂರದ ನಂಬರಿನ ಮೇಲೆ ಓದಿಗಾಗಿ ಸೇರಿಸುವ ಪವರ್‌ಗೆ ಆಡ್ ಅನ್ನುತ್ತಾರೆ. ಇದರಲ್ಲಿ ಲೋ, ಮೀಡಿಯಂ, ಹೈ ಎಂದು ಮೂರು ಆಡ್‌ಗಳು: ಕನ್ನಡಕದ ಆಡ್ 1.25ರ ತನಕ ಇದ್ದರೆ ಲೋ, 1.50ರಿಂದ 2.00ಕ್ಕೆ ಮೀಡಿಯಂ, 2.25ರಿಂದ 2.50ಕ್ಕೆ ಹೈ. ಕೂಪರ್‌ವಿಷನ್‌ನ ಬಯೋಫಿನಿಟಿ ಮಲ್ಟಿಫೋಕಲ್‌ನಲ್ಲಿ ಎರಡು ಬಗೆ ಇವೆ: ನಡುವೆ ದೂರದ ಪವರ್ ಇರುವ ಡಿ ಲೆನ್ಸ್, ನಡುವೆ ಓದುವ ಪವರ್ ಇರುವ ಎನ್ ಲೆನ್ಸ್. ಆಡ್ 1.00, 1.50, 2.00, 2.50. ಆಡ್ 1.50ರ ತನಕ ಎರಡೂ ಕಣ್ಣಿಗೆ ಡಿ, 2.00 ಮತ್ತು 2.50ಕ್ಕೆ ಪ್ರಬಲ ಕಣ್ಣಿಗೆ (ಮಿದುಳು ಹೆಚ್ಚು ನೆಚ್ಚುವ ಕಣ್ಣಿಗೆ) ಡಿ, ಇನ್ನೊಂದಕ್ಕೆ ಎನ್ ಎಂದು ಶುರು ಮಾಡುವುದು ಕಂಪನಿಯ ಕ್ರಮ. ಎರಡೂ ಸಿಲಿಕೋನ್ ಹೈಡ್ರೋಜೆಲ್ ಎಂಬ ಮೃದು ವಸ್ತುವಿನವು, ಎರಡೂ ತಿಂಗಳ ಲೆನ್ಸ್. ಏರ್ ಆಪ್ಟಿಕ್ಸ್‌ನಲ್ಲಿ ನೀರಿನಂಶ ಶೇ. 33, ಬಯೋಫಿನಿಟಿಯಲ್ಲಿ ಶೇ. 48. ಕಣ್ಣಿಗೆ ಬೇಕಾದ ಆಮ್ಲಜನಕ ಎರಡರಲ್ಲೂ ಧಾರಾಳವಾಗಿ ಹಾಯುತ್ತದೆ. ಆ ವಿಷಯದಲ್ಲಿ ತಕರಾರಿಲ್ಲ.

ತಕರಾರು ಬರುವುದು ಬಿಸಿಲಲ್ಲಿ. ಏರ್ ಆಪ್ಟಿಕ್ಸ್ ಹಾಕಿದವರ ಪಾಪೆ ಮಧ್ಯಾಹ್ನ ಕುಗ್ಗಿದಾಗ ಬೆಳಕಿನ ಬಹುಪಾಲು ನಡುವಿನ ಓದುವ ವಲಯದಿಂದಲೇ ಹಾಯುತ್ತದೆ. ಫಲವಾಗಿ ಫೋನಿನ ಮೆಸೇಜು ಲಕಲಕ ಕಾಣುತ್ತದೆ, ಬಸ್ಸಿನ ಬೋರ್ಡು ಮಸುಕು. "ಅಂಗಡಿಯೊಳಗೆ ಚೆನ್ನಾಗಿ ಕಂಡಿತ್ತು ಸರ್, ಹೊರಗೆ ಬಂದ ಕೂಡಲೇ ಮಂಜು ಮಂಜು" ಅಂತ ವಾಪಸ್ ಬರುವವರ ಕಥೆ ಬಹಳ ಸಲ ಇಷ್ಟೇ. ಅದೇ ಲೆನ್ಸು ಸಂಜೆ ಮಬ್ಬಿನಲ್ಲಿ ತಿರುಗಿಬೀಳುತ್ತದೆ: ಪಾಪೆ ಅರಳಿ ಅಂಚಿನ ದೂರದ ವಲಯ ತೆರೆದುಕೊಂಡು ರಸ್ತೆ ಸ್ಪಷ್ಟವಾಗುತ್ತದೆ, ಛತ್ರದ ಮಂದ ದೀಪದಲ್ಲಿ ಲಗ್ನಪತ್ರಿಕೆ ಓದುವುದಕ್ಕೆ ಆಗುವುದಿಲ್ಲ. ಬಯೋಫಿನಿಟಿಯ ಡಿ ಲೆನ್ಸಿನಲ್ಲಿ ಇದೆಲ್ಲ ತಲೆಕೆಳಗು. ಬಿಸಿಲಲ್ಲಿ ದೂರ ಗಟ್ಟಿ, ಆದರೆ ಅದೇ ಬಿಸಿಲಲ್ಲಿ ಬಿಲ್ಲು ಓದಲು ಹೋದರೆ ಓದುವ ವಲಯ ಕುಗ್ಗಿದ ಪಾಪೆಯ ಹೊರಗೇ ಉಳಿದಿರುತ್ತದೆ. ಅದರ ಮೇಲೆ, ಹತ್ತಿರದ್ದನ್ನು ನೋಡಿದಾಗಲೆಲ್ಲ ಪಾಪೆ ತಾನಾಗಿ ಇನ್ನಷ್ಟು ಕುಗ್ಗುವುದು ಕಣ್ಣಿನ ಸಹಜ ಗುಣ. ಈ ಗುಣ ನಡು-ಓದು ಲೆನ್ಸಿಗೆ ನೆರವಾಗುತ್ತದೆ, ನಡು-ದೂರ ಲೆನ್ಸಿಗೆ ಅಡ್ಡಿಯಾಗುತ್ತದೆ.

ತುಮಕೂರಿನ ದಿನಚರಿಗೆ ಇದನ್ನು ಹೊಂದಿಸಿ ನೋಡಿದರೆ ನಮ್ಮ ತೀರ್ಮಾನ ಹೀಗಿದೆ. ಕಚೇರಿ, ಬ್ಯಾಂಕು, ಶಾಲೆ ಅಂತ ಟ್ಯೂಬ್‌ಲೈಟ್ ಕೆಳಗೆ ದಿನ ಕಳೆಯುವ, ಪಾಪೆ ಮೂರೂವರೆ ನಾಲ್ಕರ ಸುಮಾರಿಗೆ ನಿಲ್ಲುವ ನಲವತ್ತರ ಮಂದಿಗೆ ಏರ್ ಆಪ್ಟಿಕ್ಸ್ ಲೋ ಅಥವಾ ಮೀಡಿಯಂ ಬಹಳ ಒಳ್ಳೆಯ ಲೆನ್ಸ್. ಕಂಪ್ಯೂಟರ್ ದೂರಕ್ಕೆ, ಅಂದರೆ 60-70 ಸೆಂ.ಮೀ.ಗೆ, ಅದರ ನಯವಾದ ಇಳಿಕೆ ಹೇಳಿ ಮಾಡಿಸಿದಂತಿದೆ. ಹಗಲೆಲ್ಲ ಹೊರಗೆ ತಿರುಗುವವರಿಗೆ, ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರಿಗೆ, ಸೈಟಿನ ಮೇಲೆ ನಿಲ್ಲುವ ಎಂಜಿನಿಯರುಗಳಿಗೆ ಬಯೋಫಿನಿಟಿ ಡಿ ಮೇಲು. ಐವತ್ತೈದು ದಾಟಿ ಪಾಪೆ ಯಾವ ಬೆಳಕಿನಲ್ಲೂ ಮೂರು ದಾಟದವರಿಗೆ ಎರಡೂ ಕಣ್ಣಿಗೆ ಡಿ ಹಾಕಿದರೆ ಆಡ್ ಕೊಟ್ಟೂ ಕೊಡದಂತೆ. ಅವರಿಗೆ ಒಂದು ಕಣ್ಣಿಗೆ ಎನ್ ಬರಲೇಬೇಕು.

ಏರ್ ಆಪ್ಟಿಕ್ಸ್‌ನ ಮಧ್ಯಾಹ್ನದ ಮಸುಕಿಗೆ ಒಂದು ಅಗ್ಗದ ಮದ್ದಿದೆ: ತಂಪು ಕನ್ನಡಕ. ಬೆಳಕು ಕಡಿಮೆಯಾದರೆ ಪಾಪೆ ಒಂದಿಷ್ಟು ಅರಳುತ್ತದೆ, ದೂರದ ವಲಯ ತೆರೆಯುತ್ತದೆ. ಮಂದ ಬೆಳಕಿನ ಓದಿಗೆ ಇದರ ತದ್ವಿರುದ್ಧ, ಫೋನಿನ ಟಾರ್ಚು ಕಾಗದದ ಮೇಲೆ ಬಿಡುವುದು. ಇವೆರಡನ್ನೂ ಪರೀಕ್ಷೆಯಾಗಿಯೂ ಬಳಸಬಹುದು. ತಂಪು ಕನ್ನಡಕ ಹಾಕಿದಾಗ ದೂರ ತಿಳಿಯಾದರೆ ದೋಷ ಪಾಪೆ-ಲೆನ್ಸಿನ ಹೊಂದಾಣಿಕೆಯದು. ತಿಳಿಯಾಗದಿದ್ದರೆ ನಂಬರೇ ತಪ್ಪಿರಬಹುದು. ಟಾರ್ಚಿನಲ್ಲಿ ಓದು ಸರಿಹೋದರೆ ಆಡ್ ಏರಿಸುವ ಮುನ್ನ ಯೋಚಿಸಿ, ಸರಿಹೋಗದಿದ್ದರೆ ಆಡ್ ಸಾಲದು.

ರಾತ್ರಿಯ ಹೆದ್ದಾರಿ ಬೇರೆಯೇ ಮಾತು. ಎದುರು ಬರುವ ಹೆಡ್‌ಲೈಟಿನ ಸುತ್ತ ಕಾಣುವ ಬೆಳಕಿನ ಬಳೆ ಎಷ್ಟು ದೊಡ್ಡದು ಅನ್ನುವುದಕ್ಕೂ ಲೆಕ್ಕವಿದೆ: ಓದುವ ವಲಯದ ಹೊರ ಅಗಲವನ್ನು ಆಡ್‌ನಿಂದ ಗುಣಿಸಿ, ಡಿಗ್ರಿಗೆ ಇಳಿಸಲು ಸುಮಾರು 17ರಿಂದ ಭಾಗಿಸಬೇಕು. ನಡು-ಓದು ಲೆನ್ಸಿನಲ್ಲಿ 2 ಮಿ.ಮೀ. ವಲಯ, 2.00 ಆಡ್ ಅಂದರೆ ಮಸುಕು ಸುಮಾರು ಕಾಲು ಡಿಗ್ರಿ. ನಡು-ದೂರ ಲೆನ್ಸಿನಲ್ಲಿ ಓದುವ ಉಂಗುರ ಅರಳಿದ ಪಾಪೆಯ ಅಂಚಿನವರೆಗೂ ಹಬ್ಬಿರುವುದರಿಂದ 5 ಮಿ.ಮೀ.ಗೆ ಅರ್ಧ ಡಿಗ್ರಿ ಮೀರುತ್ತದೆ. ಹುಣ್ಣಿಮೆ ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಡಿ ಲೆನ್ಸಿನವರಿಗೆ ಪ್ರತಿ ಹೆಡ್‌ಲೈಟಿನ ಸುತ್ತಲೂ ಚಂದ್ರನಷ್ಟು ಅಗಲದ ತೆಳು ಬಳೆ, ನಡು-ಓದಿನವರಿಗೆ ದೀಪಕ್ಕೆ ಅಂಟಿಕೊಂಡಂತೆ ಚಿಕ್ಕದಾದರೂ ದಟ್ಟವಾದ ಹೊಗರು. ಯಾವುದನ್ನು ಸಹಿಸಬಹುದು ಅನ್ನುವುದು ಹಾಕಿಕೊಂಡವರೇ ಹೇಳಬೇಕಾದ ಮಾತು. ರಾತ್ರಿ ಬಸ್ಸು, ಲಾರಿ ಓಡಿಸುವ ಚಾಲಕರಿಗೆ ಮಾತ್ರ ಈ ಎರಡನ್ನೂ ನಾವು ಶಿಫಾರಸು ಮಾಡುವುದಿಲ್ಲ. ಅವರಿಗೆ ದೂರದ ಸಾದಾ ಲೆನ್ಸ್, ಜೇಬಿನಲ್ಲಿ ಓದುವ ಕನ್ನಡಕ ಸುರಕ್ಷಿತ. ಅಪರೂಪಕ್ಕೆ ಬೆಂಗಳೂರಿಂದ ರಾತ್ರಿ ಕಾರಿನಲ್ಲಿ ಬರುವವರು ಒಂದು ಮೆಟ್ಟಿಲು ಕಡಿಮೆ ಆಡ್ ತೆಗೆದುಕೊಂಡು, ಸಣ್ಣಕ್ಷರಕ್ಕೆ 0.75 ಅಥವಾ 1.00ರ ಓದುವ ಕನ್ನಡಕ ಇಟ್ಟುಕೊಂಡರೆ ಸಾಕು.

ಪಾಪೆ ಅಳೆಯುವುದು ದೊಡ್ಡ ಕೆಲಸವಲ್ಲ, ಆದರೂ ಮಾಡುವವರು ಕಡಿಮೆ. ಎರಡು ಪಾಪೆಗಳ ನಡುವಿನ ಅಂತರ ಅಳೆಯಲು ಕನ್ನಡಕದ ಅಂಗಡಿಯವರು ಇಟ್ಟುಕೊಳ್ಳುವ ಪಿ.ಡಿ. ಸ್ಕೇಲುಗಳಲ್ಲಿ ಹಲವಕ್ಕೆ ಅಂಚಿನಲ್ಲೇ 2ರಿಂದ 8 ಮಿ.ಮೀ.ವರೆಗಿನ ಕಪ್ಪು ಅರ್ಧವೃತ್ತಗಳು ಅಚ್ಚಾಗಿರುತ್ತವೆ. ಅದನ್ನು ಕಣ್ಣಿನ ಪಕ್ಕ ಹಿಡಿದು ಹೋಲಿಸಿದರೆ ಮುಗಿಯಿತು. ಮೂರು ಬೆಳಕಿನಲ್ಲಿ ಅಳೆಯಬೇಕು: ಅಂಗಡಿಯ ಮಾಮೂಲಿ ದೀಪದಲ್ಲಿ, ಬಾಗಿಲಾಚೆ ಹಗಲಲ್ಲಿ, ದೀಪ ತಗ್ಗಿಸಿ ಒಂದೆರಡು ನಿಮಿಷ ಬಿಟ್ಟು. ಮೂರರಲ್ಲೂ ದೂರದ ಒಂದು ಗುರುತನ್ನೇ ನೋಡುತ್ತಿರಬೇಕು, ಎದುರು ನಿಂತವರ ಮುಖ ನೋಡಿದರೆ ಪಾಪೆ ಕುಗ್ಗುತ್ತದೆ. ಆಮೇಲೆ 40 ಸೆಂ.ಮೀ.ನಲ್ಲಿ ಏನಾದರೂ ಓದಿಸಿ ನಾಲ್ಕನೆಯ ಅಳತೆ. ನಮ್ಮ ಜನರ ಕಣ್ಣು ಕಡುಗಂದು, ಮಬ್ಬಿನಲ್ಲಿ ಪಾಪೆ ಎಲ್ಲಿ ಮುಗಿಯಿತು, ಬಣ್ಣದ ಪೊರೆ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಗಲ್ಲದ ಕೆಳಗಿಂದ ತೀರಾ ಮಂದವಾದ ಬೆಳಕನ್ನು ಓರೆಯಾಗಿ ಬಿಟ್ಟರೆ ಅಂಚು ಕಾಣುತ್ತದೆ. ನೇರ ಟಾರ್ಚು ಬಿಟ್ಟರೆ ಅಳತೆಯೇ ಕೆಟ್ಟಿತು. ಕಂಪ್ಯೂಟರ್ ಐ ಟೆಸ್ಟ್ ಯಂತ್ರ ಪಾಪೆಯ ಅಗಲ ತೋರಿಸಿದರೂ ಅದು ಯಂತ್ರದೊಳಗಿನ ಬೆಳಕಿನದು, ಬಿ.ಎಚ್. ರಸ್ತೆಯದಲ್ಲ.

ಅಳೆಯುವ ದಿನವನ್ನೂ ನೋಡಿ ಆರಿಸಿ. ಕಣ್ಣಿಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡಿಸಿಕೊಂಡ ದಿನ ಲೆನ್ಸ್ ಟ್ರಯಲ್ ಬೇಡವೇ ಬೇಡ. ಗ್ಲಾಕೋಮಾಗೆ ಹಾಕುವ ಪೈಲೋಕಾರ್ಪಿನ್ ಪಾಪೆಯನ್ನು ಸೂಜಿ ಮೊನೆಯಷ್ಟು ಮಾಡುತ್ತದೆ, ಬ್ರಿಮೊನಿಡಿನ್ ಮಬ್ಬಿನಲ್ಲಿ ಅರಳುವುದನ್ನು ತಡೆಯುತ್ತದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಸಹ ಪಾಪೆಯನ್ನು ಚಿಕ್ಕದಾಗಿಸಬಲ್ಲದು. ಬಹಳ ವರ್ಷದ ಸಕ್ಕರೆ ಕಾಯಿಲೆ ಇರುವವರ ಪಾಪೆ ಚಿಕ್ಕದಾಗಿಯೇ ಇದ್ದು, ಕತ್ತಲಲ್ಲೂ ಸರಿಯಾಗಿ ಅರಳದೆ ಹೋಗಬಹುದು. ಕೋಲಾರ, ಚಿಂತಾಮಣಿ ಕಡೆ ಟೊಮ್ಯಾಟೊ ತೋಟಕ್ಕೆ ಔಷಧಿ ಹೊಡೆಯುವ ರೈತರು ನೆನಪಿಡಬೇಕಾದ ಒಂದು ಸಂಗತಿ: ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿದರೆ ಪಾಪೆ ಕುಗ್ಗುತ್ತದೆ. ಸಿಂಪಡಿಸಿದ ದಿನ, ಮರುದಿನ ತೆಗೆದ ಅಳತೆ ನಂಬುವಂಥದ್ದಲ್ಲ, ಸಿಂಪಡಿಸುವಾಗ ಲೆನ್ಸ್ ಹಾಕಿರಲೂ ಬಾರದು. ಈ ಯಾವುದೇ ಔಷಧಿ ತೆಗೆದುಕೊಳ್ಳುತ್ತಿದ್ದರೆ ಕೇಳದಿದ್ದರೂ ಕಣ್ಣು ಪರೀಕ್ಷಿಸಿ ನಂಬರು ಕೊಡುವ ಆಪ್ಟೊಮೆಟ್ರಿಸ್ಟರಿಗೆ ನೀವೇ ಹೇಳಿ.

ಟ್ರಯಲ್ ಮಾಡುವ ರೀತಿಯಲ್ಲೇ ಅರ್ಧ ಗೆಲುವು. ಕನ್ನಡಕದ ನಂಬರನ್ನು ಹಾಗೇ ಡಬ್ಬಿಗೆ ಇಳಿಸುವಂತಿಲ್ಲ. ಮೈನಸ್ 5.00, ಜೊತೆಗೆ ಮೈನಸ್ 0.50 ಸಿಲಿಂಡರ್ (ಕಣ್ಣಿನ ಓರೆ ಬಾಗಿಗೆ ಕೊಡುವ ನಂಬರು) ಇದೆ ಅನ್ನಿ. ಸಿಲಿಂಡರಿನ ಅರ್ಧ ಸೇರಿಸಿದರೆ ಮೈನಸ್ 5.25. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ, ಆ ವ್ಯತ್ಯಾಸ ಕಳೆದರೆ ಮೈನಸ್ 4.94. ಡಬ್ಬಿಯಲ್ಲಿ ಸಿಗುವುದು 5.00 ಮತ್ತು 4.75. ದೂರದ ನೋಟ ಕೆಡದಿದ್ದರೆ 4.75 ಇಡುವುದು ಜಾಣತನ, ಯಾಕೆಂದರೆ ಮೈನಸ್ ಹೆಚ್ಚಾದಷ್ಟೂ ಓದಿಗೆ ಕೊಟ್ಟ ಆಡನ್ನು ಅದು ತಿಂದುಹಾಕುತ್ತದೆ. ಸಿಲಿಂಡರ್ 0.75 ಮೀರಿದರೆ ಈ ಮಾಮೂಲಿ ಮಲ್ಟಿಫೋಕಲ್ ಕಷ್ಟ, ಅಕ್ಷರಕ್ಕೆ ನೆರಳು ಬಿಡುವುದಿಲ್ಲ.

ಪ್ರಬಲ ಕಣ್ಣನ್ನು ಬೆರಳು ತೋರಿಸಿ ಗುರಿ ಹಿಡಿಯುವ ಆಟದಿಂದ ಹುಡುಕಬೇಡಿ. ಎರಡೂ ಕಣ್ಣು ತೆರೆದು, ಪೂರ್ತಿ ದೂರದ ನಂಬರಿನ ಮೇಲೆ ಪ್ಲಸ್ 1.50 ಗಾಜನ್ನು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿಯಬೇಕು. ಯಾವ ಕಣ್ಣಿಗೆ ಹಿಡಿದಾಗ ಹೆಚ್ಚು ಕಿರಿಕಿರಿಯೋ ಅದೇ ಪ್ರಬಲ. ಲೆನ್ಸ್ ಹಾಕಿ 15-20 ನಿಮಿಷ ಬಿಡಬೇಕು, ಹೊರಗೆ ಒಂದು ಸುತ್ತು ಹೋಗಿಬರಬೇಕು. ನಂತರ 0.25ರ ಬಿಡಿ ಗಾಜು ಹಿಡಿದು ತಿದ್ದಬೇಕು. ದೀಪ ಆರಿಸಿದ ಕೋಣೆಯಲ್ಲಿ ದೊಡ್ಡ ಯಂತ್ರದ ಹಿಂದೆ ಕೂರಿಸಿ ತಿದ್ದಿದರೆ ಅರಳಿದ ಪಾಪೆಗೆ ನಂಬರು ಕೊಟ್ಟಂತಾಗುತ್ತದೆ. ಒಂದು ಕಣ್ಣು ಮುಚ್ಚಿದರೂ ಇನ್ನೊಂದರ ಪಾಪೆ ಅರಳುತ್ತದೆ. ಹಾಗಾಗಿ ಎರಡೂ ಕಣ್ಣು ತೆರೆದಿರಲಿ, ದೀಪ ಉರಿಯುತ್ತಿರಲಿ. ಈ ಎರಡು ಮಾತು ಪಾಲಿಸದ ಜಾಗದಲ್ಲಿ ಹಣ ಕೊಡಬೇಡಿ. ಕನ್ನಡಕದ ಚೀಟಿ ನೋಡಿ, ಟ್ರಯಲ್ ಇಲ್ಲದೆ ನೇರ ಆರ್ಡರ್ ಹಾಕುವ ಅಂಗಡಿಯಿಂದಂತೂ ಎದ್ದು ಬನ್ನಿ.

ಓದಿನ ಪರೀಕ್ಷೆ ಇಂಗ್ಲಿಷ್ ಚಾರ್ಟಿನಲ್ಲಿ ಮುಗಿಸುವುದು ಕನ್ನಡ ಓದುವವರಿಗೆ ಅನ್ಯಾಯ. ನಮ್ಮ ಲಿಪಿಯಲ್ಲಿ ಅರ್ಥವೆಲ್ಲ ಚಿಕ್ಕ ಗೀಟಿನಲ್ಲಿದೆ. ದ ಮತ್ತು ಧ, ಡ ಮತ್ತು ಢ ನಡುವೆ ಒಂದು ಸೀಳು ಮಾತ್ರ. ಪ ಹೊಟ್ಟೆ ಸೀಳಿದರೆ ಷ. ಅದರ ಜೊತೆಗೆ ಸಾಲಿನ ಕೆಳಗೆ ನೇತಾಡುವ ಒತ್ತುಗಳು. ಲೆನ್ಸ್ ಕಣ್ಣಿನ ಮೇಲೆ ಸ್ವಲ್ಪ ಕೆಳಗೆ ಜಾರಿ ಕೂತರೆ ಅಕ್ಷರದ ನೆರಳು ಮೇಲೆ-ಕೆಳಗೆ ಬೀಳುತ್ತದೆ, ಆ ನೆರಳು ಒತ್ತಿನ ಮೇಲೇ ಕೂತು 'ತ್ತ' ಯಾವುದು 'ಕ್ಕ' ಯಾವುದು ತಿಳಿಯದಂತಾಗುತ್ತದೆ. ಓದುವ ಚಾರ್ಟಿನ ಸಣ್ಣಕ್ಷರದ ಇಂಗ್ಲಿಷ್ ಎನ್6 ಸಾಲನ್ನು ಸರಾಗವಾಗಿ ಓದಿದವರು ಪಹಣಿಯ ಕಲಂ ಓದಲು ತಡವರಿಸುವುದಕ್ಕೆ ಇದೂ ಒಂದು ಕಾರಣ. ಟ್ರಯಲಿಗೆ ಹೋಗುವಾಗ ಪಹಣಿ, ಔಷಧಿ ಚೀಟಿ, ದಿನಪತ್ರಿಕೆ, ನೀವು ನಿತ್ಯ ಓದುವುದು ಏನಿದೆಯೋ ಅದನ್ನೇ ಕೈಯಲ್ಲಿ ಹಿಡಿದು ಹೋಗಿ.

ಜಾರಿ ಕೂರುವ ತೊಂದರೆಗೆ ಬರೋಣ, ಏಕೆಂದರೆ ಪಾಪೆಯಷ್ಟೇ ಮುಖ್ಯವಾದದ್ದು ಇದೊಂದೇ. ಉಂಗುರಗಳ ನಡುವು ಪಾಪೆಯ ನಡುವಿಗೆ ಬರಬೇಕು. ಮೃದು ಲೆನ್ಸ್ ಸಾಮಾನ್ಯವಾಗಿ ಕಿವಿಯ ಕಡೆಗೆ, ಕೆಳಕ್ಕೆ ಸರಿದು ಕೂರುತ್ತದೆ, ಕಣ್ಣಿನ ದೃಷ್ಟಿರೇಖೆಯೋ ಪಾಪೆಯ ನಡುವಿಗಿಂತ ಮೂಗಿನ ಕಡೆಗೆ ಹಾಯುತ್ತದೆ. ಎರಡೂ ವಿರುದ್ಧ ದಿಕ್ಕು. ಅರ್ಧ ಮಿಲಿಮೀಟರ್ ಅಂತರವಾದರೂ "ಬೋರ್ಡು ಕಾಣುತ್ತೆ, ಆದ್ರೆ ಅಕ್ಷರದ ಪಕ್ಕ ಇನ್ನೊಂದು ಅಕ್ಷರ ಇದೆ" ಅನ್ನುವ ದೂರು ಶುರು. ನೆರಳು ಯಾವಾಗಲೂ ಒಂದೇ ದಿಕ್ಕಿಗಿದ್ದರೆ ಲೆನ್ಸ್ ಸರಿದಿದೆ. ರೆಪ್ಪೆ ಬಡಿದಾಗಲೆಲ್ಲ ಬದಲಾದರೆ ಕಣ್ಣು ಒಣಗಿದೆ ಅಥವಾ ಲೆನ್ಸ್ ಸಡಿಲವಾಗಿದೆ. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ರೆಟಿನೋಸ್ಕೋಪಿನ ಕೆಂಪು ಹೊಳಪಿನಲ್ಲಿ ನೋಡಿದರೆ ಪಾಪೆಯೊಳಗೆ ಉಂಗುರ ಎಲ್ಲಿ ಕೂತಿದೆ ಅನ್ನುವುದು ಅನುಭವವಿದ್ದವರ ಕಣ್ಣಿಗೆ ಬೀಳುತ್ತದೆ. ಸರಿದ ಲೆನ್ಸಿಗೆ ನಂಬರು ಬದಲಿಸಿ ಪ್ರಯೋಜನವಿಲ್ಲ, ಆಡ್ ಏರಿಸಿದರೆ ನೆರಳು ಇನ್ನೂ ದಪ್ಪವಾಗುತ್ತದೆ. ಬೇರೆ ವಿನ್ಯಾಸದ, ಬೇರೆ ಅಳತೆಯ ಲೆನ್ಸಿಗೆ ಹೋಗಬೇಕು. ಏರ್ ಆಪ್ಟಿಕ್ಸ್ 14.2 ಮಿ.ಮೀ. ಅಗಲ, ಬಯೋಫಿನಿಟಿ 14.0. ಒಂದು ಜಾರಿದವರಿಗೆ ಇನ್ನೊಂದು ನೆಟ್ಟಗೆ ಕೂರುವುದುಂಟು.

ಕಣ್ಣಿನ ಪೊರೆ ಶುರುವಾದವರು ಮಲ್ಟಿಫೋಕಲ್ ಲೆನ್ಸಿನ ಆಸೆ ಬಿಡುವುದು ಒಳ್ಳೆಯದು. ಮೊದಲೇ ಹಂಚಿಹೋದ ಬೆಳಕನ್ನು ಪೊರೆ ಇನ್ನಷ್ಟು ಚದುರಿಸುತ್ತದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ, ಅಡಿಕೆ ಸುಲಿಯುವ, ಬೇಯಿಸುವ ಜಾಗದಲ್ಲಿ ಹಬೆ, ಹೊಗೆ, ದೂಳು ಲೆನ್ಸಿಗೆ ಅಂಟುವುದರಿಂದ ಅಲ್ಲಿ ಕೆಲಸ ಮಾಡುವವರಿಗೆ ಕನ್ನಡಕವೇ ಸರಿ. ದೂಳಿನ ರಸ್ತೆಯಲ್ಲಿ ಓಡಾಡಲೇಬೇಕು, ಲೆನ್ಸೂ ಬೇಕು ಅನ್ನುವವರು ಅದೇ ಆಲ್ಕಾನ್‌ನ ದಿನದ ಲೆನ್ಸ್ ಡೈಲೀಸ್ ಟೋಟಲ್ 1 ಮಲ್ಟಿಫೋಕಲ್ ನೋಡಬಹುದು. ವಿನ್ಯಾಸ ನಡು-ಓದೇ, ಪಾಪೆಯ ಲೆಕ್ಕವೂ ಅದೇ, ಸಂಜೆ ತೆಗೆದು ಎಸೆಯುವುದರಿಂದ ದೂಳಿನ ಕೊಳೆ ಮರುದಿನಕ್ಕೆ ಉಳಿಯುವುದಿಲ್ಲ. ಖರ್ಚು ಜಾಸ್ತಿ.

ತಿಂಗಳ ಲೆನ್ಸಿನ ಲೆಕ್ಕ ಸೀಲ್ ಒಡೆದ ದಿನದಿಂದ, ಹಾಕಿದ ದಿನಗಳಿಂದಲ್ಲ. ಬೋರ್‌ವೆಲ್ ನೀರಾಗಲಿ ಫಿಲ್ಟರ್ ನೀರಾಗಲಿ ಲೆನ್ಸಿಗೂ ಡಬ್ಬಿಗೂ ಸೋಕಬಾರದು. ನೀರಿನಲ್ಲಿರುವ ಅಕಾಂಥಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಅಂಗೈಯಲ್ಲಿ ಸಲ್ಯೂಷನ್ ಹಾಕಿ ಉಜ್ಜಿ, ತೊಳೆದು, ಪ್ರತಿರಾತ್ರಿ ಹೊಸ ಸಲ್ಯೂಷನ್‌ನಲ್ಲೇ ನೆನೆಸಿ. ಲೆನ್ಸಿನ ಮೇಲೆ ಪೊರೆಗಟ್ಟಿದರೆ ಮಲ್ಟಿಫೋಕಲ್‌ನಲ್ಲಿ ಅದು ಸಾದಾ ಲೆನ್ಸಿಗಿಂತ ಬೇಗ ಮಸುಕಾಗಿ ತೋರುತ್ತದೆ.

ಮೊದಲ ಎರಡು ವಾರ ಮಿದುಳು ಹೊಂದಿಕೊಳ್ಳುವ ಕಾಲ. ಆ ಅವಧಿಯಲ್ಲಿ ರಾತ್ರಿ ಗಾಡಿ ಓಡಿಸಬೇಡಿ, ಎರಡು ದಿನಕ್ಕೇ ಬೇಸತ್ತು ಡಬ್ಬಿ ಮೂಲೆಗೂ ಎಸೆಯಬೇಡಿ. ಫಿಟ್ಟಿಂಗ್ ಮುಗಿದಾಗ ಚೀಟಿಯಲ್ಲಿ ಲೆನ್ಸಿನ ಪವರ್ ಜೊತೆಗೆ ನಾಲ್ಕೂ ಪಾಪೆಯ ಅಳತೆ, ಪ್ರಬಲ ಕಣ್ಣು ಯಾವುದು, ಯಾವ ಕಣ್ಣಿಗೆ ಡಿ, ಯಾವುದಕ್ಕೆ ಎನ್ ಎಂದು ಬರೆಸಿಕೊಳ್ಳಿ. ವಯಸ್ಸಾದಂತೆ ಪಾಪೆ ಕುಗ್ಗುತ್ತಾ ಹೋಗುತ್ತದೆ, ಅದೇ ಹೊತ್ತಿಗೆ ಆಡ್ ಏರುತ್ತಾ ಹೋಗುತ್ತದೆ. ನಲವತ್ತಾರಕ್ಕೆ ಏರ್ ಆಪ್ಟಿಕ್ಸ್ ಲೋನಲ್ಲಿ ಹಾಯಾಗಿದ್ದವರು ಐವತ್ತೆಂಟಕ್ಕೆ ಹೈ ಹಾಕಿದಾಗ ಮಧ್ಯಾಹ್ನದ ಬಸ್ಸಿನ ಬೋರ್ಡು ಕಾಣದೆ ಹೋದರೆ, ಹಳೇ ಚೀಟಿಯ ಪಕ್ಕ ಹೊಸ ಅಳತೆ ಇಟ್ಟು ನೋಡಿದ ಕೂಡಲೇ ಆಪ್ಟೊಮೆಟ್ರಿಸ್ಟರಿಗೆ ಕಾರಣ ಸಿಗುತ್ತದೆ.